ಏಳನೇ ವಾಲ್ವಿನ ಪಂಚನಾಮೆ

ಸೋಮವಾರ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ನೀರು ಸರಬರಾಜು ಮಂಡಳಿಯ ಎಂಜಿನಿಯರ್ ಠಾಣೆಯ ಮೆಟ್ಟಿಲು ಹತ್ತಿದರು. ಕೈಯಲ್ಲಿ ಟೈಪು ಮಾಡಿದ ದೂರು, ಎರಡು ಪ್ರತಿ. ಬಲಗೆನ್ನೆ ನುಣ್ಣಗಿತ್ತು, ಎಡಗೆನ್ನೆಯಲ್ಲಿ ಗಡ್ಡ ಹಾಗೇ ಇತ್ತು. ನಲ್ಲಿ ನಿಂತ ಹೊತ್ತಿಗೆ ಅವರು ಕನ್ನಡಿಯ ಮುಂದಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ಭಯೋತ್ಪಾದನೆ, ಮೇಡಂ," ಎಂದರು, ಕುರ್ಚಿ ಎಳೆದುಕೊಳ್ಳುವ ಮೊದಲೇ.

ಇನ್‌ಸ್ಪೆಕ್ಟರ್ ಕಾಗದ ತೆಗೆದುಕೊಂಡರು. ಹನ್ನೊಂದು ವರ್ಷದ ಸೇವೆಯಲ್ಲಿ ಆ ಶಬ್ದ ಅವರಿಗೆ ಹೊಸದಲ್ಲ. ಗೋಡೆಯ ಮೇಲೆ ಬರೆದವರನ್ನು, ರಸ್ತೆಗೆ ಅಡ್ಡ ಕೂತವರನ್ನು, ಒಮ್ಮೆ ಪಕ್ಕದ ಮನೆಯವರ ನಾಯಿಯನ್ನೂ ಜನ ಇದೇ ಬಾಗಿಲಲ್ಲಿ ನಿಂತು ಹಾಗೆ ಕರೆದದ್ದುಂಟು.

"ಏನಾಯ್ತು ಅಂತ ಹೇಳಿ. ಹೆಸರು ಆಮೇಲೆ ಇಡೋಣ."

ಆದದ್ದು ಇಷ್ಟು. ಬೆಳಿಗ್ಗೆ ಆರು ಗಂಟೆ ಹದಿನಾಲ್ಕು ನಿಮಿಷಕ್ಕೆ ಒಂದನೇ ಲೈನಿನ ಮುಖ್ಯ ಪಂಪು ನಿಂತಿತು. ಕಂಟ್ರೋಲ್ ರೂಮಿನ ಕಂಪ್ಯೂಟರು ಪಾಸ್‌ವರ್ಡ್ ಒಪ್ಪಲಿಲ್ಲ. ಪರದೆಯ ಮೇಲೆ ಮೂರು ಸಾಲು ಮೂಡಿದವು: ನಲವತ್ತೊಂದು ದಿನ. ಈಗ ನಿಮ್ಮ ಸರದಿ. ನೀರು ಹಕ್ಕು, ದಯೆಯಲ್ಲ. ಊರಿನ ಮುಕ್ಕಾಲು ಭಾಗಕ್ಕೆ ನೀರಿಲ್ಲ. ದೊಡ್ಡಾಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ಹನ್ನೊಂದು ಜನ ಆಗಷ್ಟೇ ಯಂತ್ರಕ್ಕೆ ಅಂಟಿಕೊಂಡಿದ್ದರು. ನರ್ಸುಗಳು ಓಡಾಡಿ ಎಲ್ಲರ ರಕ್ತ ವಾಪಸ್ ಸೇರಿಸಿ ಯಂತ್ರ ನಿಲ್ಲಿಸಿದರು. ಮೊದಲೇ ಎರಡು ದಿನ ತಡವಾಗಿದ್ದ ಒಬ್ಬ ಮುದುಕಿಗೆ ಉಸಿರು ಕಟ್ಟಿ, ತೀವ್ರ ನಿಗಾ ಘಟಕಕ್ಕೆ ಸಾಗಿಸಿದ್ದರು.

"ನಲವತ್ತೊಂದು ದಿನ ಅಂದ್ರೇನು?"

"ಏನೋ ಹುಚ್ಚು, ಮೇಡಂ," ಎಂದು ಎಂಜಿನಿಯರ್ ಕ್ಷೌರವಾಗದ ಕೆನ್ನೆ ಸವರಿಕೊಂಡರು.

ಎಂಟು ನಲವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಕಂಪ್ಯೂಟರ್ ವ್ಯವಸ್ಥೆಗೆ ಅಕ್ರಮ ಪ್ರವೇಶ, ಸಾರ್ವಜನಿಕ ನೀರಿಗೆ ಅಡ್ಡಿ, ಜೀವಕ್ಕೆ ಅಪಾಯ. ಬರೆದವರು ಹೆಡ್ ಕಾನ್ಸ್‌ಟೇಬಲ್. ಠಾಣೆಯಲ್ಲಿ ಅವರ ನಿಜವಾದ ಹೆಸರು ಸಂಬಳದ ದಿನ ಮಾತ್ರ ಚಲಾವಣೆಗೆ ಬರುತ್ತಿತ್ತು. ಉಳಿದ ದಿನ ಅವರು ಗೀಟಣ್ಣ. ಏನೇ ಬರೆದರೂ ಮುಖ್ಯವಾದ ಮಾತಿನ ಕೆಳಗೆ ಸ್ಕೇಲು ಇಟ್ಟು ಕೆಂಪು ಪೆನ್ನಿನಿಂದ ಎರಡು ಗೀಟು ಎಳೆಯದೆ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಹೆಂಡತಿ ಕೊಟ್ಟ ಸಾಮಾನಿನ ಚೀಟಿಗೂ ಗೀಟು ಎಳೆಯುತ್ತಾರೆಂದು ಠಾಣೆಯವರು ಛೇಡಿಸುತ್ತಿದ್ದರು. ಅದು ಸುಳ್ಳೇನಲ್ಲ.

ಒಂಬತ್ತು ಇಪ್ಪತ್ತಕ್ಕೆ ಕಂಟ್ರೋಲ್ ರೂಮಿನಲ್ಲಿ ಸ್ಥಳ ಪಂಚನಾಮೆ ಆರಂಭವಾಯಿತು. ಹತ್ತು ಅಡಿಗೆ ಹನ್ನೆರಡು ಅಡಿ ಕೋಣೆ, ಎರಡು ಪರದೆ, ಬೆನ್ನು ಮುರಿದ ಒಂದು ತಿರುಗು ಕುರ್ಚಿ. ಬಾಗಿಲು ಮುರಿದಿಲ್ಲ, ಕಿಟಕಿಯ ಸರಳು ಸಡಿಲವಾಗಿಲ್ಲ. ಗೋಡೆಯ ಮೇಲೆ ಊರಿನ ಪೈಪುಗಳ ನಕ್ಷೆ. ಸೈಬರ್ ವಿಭಾಗದಿಂದ ಬಂದ ತಂತ್ರಜ್ಞ ಕನ್ನಡಕ ಹಣೆಗೇರಿಸಿ ಹೇಳಿದ: "ಹೊರಗಿನಿಂದ ಬಂದಿದಾರೆ ಮೇಡಂ. ಯಂತ್ರ ಹಾಕಿಕೊಟ್ಟ ಕಂಪನಿಯವರ ರಿಪೇರಿ ಖಾತೆ ಬಳಸಿದಾರೆ. ಆ ಖಾತೆ ಪಾಸ್‌ವರ್ಡ್ ಒಂಬತ್ತು ವರ್ಷದಿಂದ ಯಾರೂ ಬದಲಾಯಿಸಿಲ್ಲ. ದಾರಿ ಮೂರು ದೇಶ ಸುತ್ತಿ ಬಂದಿದೆ, ಹಿಂದೆ ಹೋಗೋದು ಕಷ್ಟ."

ಯಾವ ಯಾವ ಆಜ್ಞೆ ಎಷ್ಟು ಹೊತ್ತಿಗೆ ಬಂತು ಎಂಬ ಪಟ್ಟಿಯನ್ನು ಆತ ಮುದ್ರಿಸಿ ಕೊಟ್ಟ. ಎರಡು ಪುಟ, ಬರೀ ಅಂಕಿ. ಇನ್‌ಸ್ಪೆಕ್ಟರ್ ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

ಹೊರಡುವಾಗ ಎಂಜಿನಿಯರ್ ಬಾಗಿಲವರೆಗೆ ಬಂದರು. "ಒಂದು ಪುಣ್ಯ, ಮೇಡಂ. ಒಂದೇ ಒಂದು ಪೈಪೂ ಒಡೀಲಿಲ್ಲ. ಹೋದ ವರ್ಷ ಬರೀ ಕರೆಂಟ್ ಹೋಗಿದ್ದಕ್ಕೆ ಮೂರು ಕಡೆ ಸಿಡಿದಿತ್ತು."

"ಈ ಸಲ ಯಾಕೆ ಒಡೀಲಿಲ್ಲ?"

"ಅದೃಷ್ಟ."

ಇನ್‌ಸ್ಪೆಕ್ಟರಿಗೆ ಅದೃಷ್ಟದ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ಆ ಪ್ರಶ್ನೆಯನ್ನು ಅವರು ತಲೆಯಲ್ಲೇ ಇಟ್ಟುಕೊಂಡು ಜೀಪು ಹತ್ತಿದರು.

ಹತ್ತು ಗಂಟೆಗೆ ಆಡಳಿತ ತನ್ನ ಪರಾಕ್ರಮ ತೋರಿಸಿತು. ರೈಲು ಹಳಿಯ ಆಚೆಗಿನ ಕಾಲೊನಿಗೆ, ಅದರ ಸುತ್ತಿನ ನಾಲ್ಕು ಬೀದಿಗಳಿಗೆ, ಮುನ್ನೆಚ್ಚರಿಕೆ ಎಂಬ ಹೆಸರಿನಲ್ಲಿ ಇಂಟರ್‌ನೆಟ್ಟು, ಫೋನು ಎರಡನ್ನೂ ನಿಲ್ಲಿಸಿದರು. ಆಂಬುಲೆನ್ಸಿಗೆ ಕರೆ ಮಾಡಬೇಕಾದವರು ಏನು ಮಾಡಬೇಕು ಎಂದು ಆ ಆದೇಶದಲ್ಲಿ ಇರಲಿಲ್ಲ.

ಹನ್ನೊಂದೂವರೆಗೆ ವಿಶೇಷ ದಳದವರು ನ್ಯಾಯಾಲಯದ ಗೇಟಿನಲ್ಲೇ ಒಬ್ಬ ವಕೀಲೆಯನ್ನು ಹಿಡಿದರು. ಹನ್ನೆರಡಕ್ಕೆ ಆಕೆಯನ್ನು ಇದೇ ಠಾಣೆಗೆ ತಂದು ಕೂರಿಸಿದರು. ಮಹಿಳಾ ಕೊಠಡಿ ಇದ್ದದ್ದು ಇಲ್ಲಿ ಮಾತ್ರ. ದಳದ ಅಧಿಕಾರಿ ಇನ್‌ಸ್ಪೆಕ್ಟರಿಗಿಂತ ಎರಡು ಮೆಟ್ಟಿಲು ಮೇಲಿನವರು. ಮಾತು ಮಾತ್ರ ಹತ್ತು ಮೆಟ್ಟಿಲು ಮೇಲಿನಿಂದ ಬರುತ್ತಿತ್ತು.

"ಕೇಸಿಗೆ ವಿಶೇಷ ಕಾಯ್ದೆ ಸೇರಿಸಿ. ತನಿಖಾಧಿಕಾರಿ ನೀವು, ವರದಿಗೆ ನಿಮ್ಮ ಸಹಿ ಬೇಕು. ಮುಂದಿನದು ನಾವು ನೋಡ್ಕೋತೀವಿ."

"ಸಾಕ್ಷ್ಯ ಏನಿದೆ, ಸರ್?"

"ನೀರು ಹಕ್ಕು, ದಯೆಯಲ್ಲ. ಆಕೆ ಹೊರದೇಶದ ಮಾನವ ಹಕ್ಕು ಸಮಿತಿಗೆ ಕಳಿಸಿದ ಅರ್ಜಿ ತಲೆಬರಹ ಅದು. ಪರದೆ ಮೇಲೂ ಅದೇ."

ಗೀಟಣ್ಣ ಮೂಲೆಯ ಮೇಜಿನಿಂದ ಕೆಮ್ಮಿದರು. "ಅದನ್ನೇ ಕರಪತ್ರ ಮಾಡಿ ಹಂಚಿದಾರೆ, ಸರ್. ನಮ್ಮನೆ ಗೇಟಿಗೂ ಒಂದು ಸಿಕ್ಕಿಸಿ ಹೋಗಿದ್ರು."

"ನಿಮ್ಮನ್ನ ಕೇಳಿದ್ನಾ?"

"ಇಲ್ಲ, ಸರ್."

"ಹಾಗಿದ್ರೆ ಬರೀರಿ."

ಗೀಟಣ್ಣ ಬರೆಯುವುದಕ್ಕೆ ಏನೂ ಇರಲಿಲ್ಲವಾದ್ದರಿಂದ ಒಂದು ಗೀಟು ಎಳೆದರು.

ಇನ್‌ಸ್ಪೆಕ್ಟರ್ ಎದ್ದು ನಿಂತಿದ್ದರು. ಆ ಕಾಯ್ದೆ ಒಮ್ಮೆ ಸೇರಿತೆಂದರೆ ನೂರ ಎಂಬತ್ತು ದಿನ ಚಾರ್ಜ್‌ಶೀಟಿನ ತಗಾದೆ ಇಲ್ಲ, ಜಾಮೀನಿನ ಮಾತು ಇಲ್ಲ. ಅಷ್ಟು ದಿನ ಒಬ್ಬಾಕೆಯನ್ನು ಒಂದು ವಾಕ್ಯಕ್ಕಾಗಿ ಒಳಗಿಡಲು ಬೇಕಾಗಿದ್ದದ್ದು ಅವರ ಒಂದು ಸಹಿ. ಅವರಿಗೆ ಸಿಟ್ಟು ನೆತ್ತಿಗೇರಿತು. ಆದರೆ ದನಿ ಏರಲಿಲ್ಲ.

"ಆದೇಶ ಬರೆದು ಕೊಡಿ, ಸರ್."

"ಏನು?"

"ಕಾಯ್ದೆ ಸೇರಿಸಿ ಅಂತ. ಬರೆದು ಕೊಡಿ. ಕೇಸ್ ಡೈರಿಗೆ ಅಂಟಿಸ್ತೀನಿ."

"ಇದೆಲ್ಲ ಬರೆಯೋ ವಿಷಯ ಅಲ್ಲ. ಮೇಲಿನವರ ಮಾತು."

"ಮಾತಿಗೆ ನಾನು ಸಹಿ ಹಾಕಲ್ಲ, ಸರ್."

ಅಧಿಕಾರಿ ಟೋಪಿ ಎತ್ತಿಕೊಂಡರು. "ನಾಳೆ ಹನ್ನೊಂದೂವರೆಗೆ ಇಪ್ಪತ್ನಾಲ್ಕು ಗಂಟೆ ಮುಗಿಯುತ್ತೆ. ಅಷ್ಟರಲ್ಲಿ ಸಹಿ ಆಗಿರ್ಬೇಕು. ಇಲ್ಲಾಂದ್ರೆ ಕೇಸೂ ಹೋಗುತ್ತೆ, ಈ ಕುರ್ಚೀನೂ ಹೋಗುತ್ತೆ."

ಜೀಪಿನ ಸದ್ದು ಅಡಗಿದ ಮೇಲೆ ಗೀಟಣ್ಣ ಕುರ್ಚಿಯ ಕಡೆ ನೋಡಿದರು. "ಈ ಕುರ್ಚಿ ಸ್ಪ್ರಿಂಗು ಚುಚ್ಚುತ್ತೆ ಅಂತ ಅವರಿಗೆ ಗೊತ್ತಿಲ್ಲ, ಮೇಡಂ. ಹೋದ್ರೆ ಹೋಗ್ಲಿ."

ಇನ್‌ಸ್ಪೆಕ್ಟರ್ ನಗಲಿಲ್ಲ, ಆದರೆ ಎದೆ ಸ್ವಲ್ಪ ಹಗುರಾಯಿತು.

ವಕೀಲೆ ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದಳು. ಕಪ್ಪು ಕೋಟಿನ ಒಂದು ಗುಂಡಿ ಕಿತ್ತುಹೋಗಿತ್ತು.

"ಯಾಕೆ ಹಿಡಿದ್ರು ಅಂತ ಹೇಳಿದಾರಾ?"

"ಇಲ್ಲ. ಹೇಳ್ಬೇಕು ಅಂತ ನಮ್ಮ ಸಂವಿಧಾನದಲ್ಲೂ ಇದೆ, ನಾವು ಸಹಿ ಹಾಕಿರೋ ಅಂತರರಾಷ್ಟ್ರೀಯ ಒಡಂಬಡಿಕೆಯಲ್ಲೂ ಇದೆ. ನಿಮ್ಮವರ ಜೀಪಲ್ಲಿ ಎರಡೂ ಇರ್ಲಿಲ್ಲ."

ಇನ್‌ಸ್ಪೆಕ್ಟರ್ ಕಾರಣ ಬರೆಸಿ, ಓದಿ ಹೇಳಿ, ಪ್ರತಿ ಕೊಟ್ಟರು. ಆಕೆಯ ತಾಯಿಗೆ ಫೋನು ಮಾಡಿಸಿದರು. ಆಮೇಲೆ ಕೇಳಿದರು.

"ಇವತ್ತು ಬೆಳಿಗ್ಗೆ ಆರಕ್ಕೆ ಎಲ್ಲಿದ್ರಿ?"

"ಮನೇಲಿ. ನಲ್ಲಿ ಕೆಳಗೆ ಬಕೆಟ್ ಇಟ್ಕೊಂಡು."

"ಕಂಪ್ಯೂಟರ್ ಗೊತ್ತಾ?"

"ಟೈಪ್ ಮಾಡ್ತೀನಿ. ಪ್ರಿಂಟರ್ ಕೈ ಕೊಟ್ರೆ ಪಕ್ಕದ ಮನೆ ಹುಡುಗೀನ ಕರೀತೀನಿ."

"ನಲವತ್ತೊಂದು ದಿನ ಅಂದ್ರೇನು?"

ಆಕೆ ಮೊದಲ ಬಾರಿಗೆ ಇನ್‌ಸ್ಪೆಕ್ಟರ್ ಮುಖವನ್ನು ದಿಟ್ಟಿಸಿದಳು. "ನಿಮಗೆ ನಿಜವಾಗ್ಲೂ ಗೊತ್ತಿಲ್ವಾ? ಹಳಿ ಆಚೆ ಕಾಲೊನಿ. ಆರ್‌ನೂರು ಮನೆ. ಗೋದಾಮು ಕಟ್ಟೋಕೆ ಜಾಗ ಬೇಕು, ಖಾಲಿ ಮಾಡಿ ಅಂದ್ರು. ಕೋರ್ಟು ತಡೆ ಕೊಡ್ತು. ತಡೆ ಬಂದ ಮಾರನೇ ದಿನ ನೀರು ನಿಂತ್ಹೋಯ್ತು. ರಿಪೇರಿ ಅಂತಾರೆ. ಇವತ್ತಿಗೆ ನಲವತ್ತೊಂದು ದಿನದ ರಿಪೇರಿ."

"ಸೇಡಿಗೆ ಯಾರಾದ್ರೂ ಮಾಡಿರ್ಬಹುದಾ?"

"ಗೊತ್ತಿಲ್ಲ. ಮಾಡಿದ್ರೆ ತಪ್ಪೇ. ಆ ಅಜ್ಜಿ ಏನು ಮಾಡಿದ್ರು ಪಾಪ? ಆದ್ರೆ ಒಂದು ಹೇಳ್ತೀನಿ. ಭಯೋತ್ಪಾದನೆ ಅಂದ್ರೆ ಏನು ಅಂತ ಜಗತ್ತಿನ ದೇಶಗಳೆಲ್ಲ ಕೂತು ಇಷ್ಟು ವರ್ಷ ಮಾತಾಡಿ ಇನ್ನೂ ಒಂದು ಮಾತಿಗೆ ಬಂದಿಲ್ಲ. ನಿಮ್ಮ ಆ ಸಾಹೇಬ್ರು ಮೂರು ಗಂಟೇಲಿ ಬಂದ್ಬಿಟ್ರು. ಮೂರೂವರೆ ಗಂಟೆ ಊರಿಗೆ ನೀರು ನಿಂತ್ರೆ ಭಯೋತ್ಪಾದನೆ. ನಲವತ್ತೊಂದು ದಿನ ಕಾಲೊನಿಗೆ ನಿಂತ್ರೆ ರಿಪೇರಿ. ಎರಡೂ ಕಡೆ ಮುಚ್ಚಿದ್ದು ಅದೇ ಕಂಪ್ಯೂಟರು."

ಮಧ್ಯಾಹ್ನ ಎರಡೂ ಕಾಲಿಗೆ ಇನ್‌ಸ್ಪೆಕ್ಟರ್ ಮತ್ತು ಗೀಟಣ್ಣ ಪಂಪ್ ಹೌಸಿಗೆ ಹೋದರು. ಅಲ್ಲಿನ ಹಿರಿಯ ಫಿಟ್ಟರ್ ಬೆಳಿಗ್ಗೆ ಚಕ್ರ ತಿರುಗಿಸಿ, ಕೈಯಿಂದಲೇ ವಾಲ್ವು ತೆರೆದು, ಒಂಬತ್ತು ಮುಕ್ಕಾಲಿಗೆ ಊರಿಗೆ ನೀರು ಬಿಟ್ಟವನು. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಪಂಪಿನ ಬುಡದಲ್ಲಿ ಕೂತು ಊಟದ ಡಬ್ಬಿ ತೆರೆಯುತ್ತಿದ್ದವನು ಪೊಲೀಸರನ್ನು ಕಂಡು ಮುಚ್ಚಿದ.

"ಊಟ ಮಾಡಿ. ಮಾತು ಕೇಳೋಕೆ ಬಂದಿದೀನಿ. ಪಂಪು ದಿಢೀರ್ ಅಂತ ನಿಂತ್ರೆ ಏನಾಗುತ್ತೆ?"

"ಓಡ್ತಿರೋ ನೀರು ಹಿಂದಕ್ಕೆ ತಿರುಗಿ ಪೈಪನ್ನ ಗುದ್ದುತ್ತೆ, ಮೇಡಂ. ಹಳೇ ಪೈಪು, ತಡ್ಕೊಳಲ್ಲ, ಸೀಳುತ್ತೆ. ಅದಕ್ಕೇ ಮೊದಲು ವಾಲ್ವು ನಿಧಾನಕ್ಕೆ ಮುಚ್ಬೇಕು. ಪಂಪು ಆಮೇಲೆ."

ಇನ್‌ಸ್ಪೆಕ್ಟರ್ ಜೇಬಿನಿಂದ ಪಟ್ಟಿ ತೆಗೆದು ಬಿಡಿಸಿದರು. "ಇವತ್ತು ಬೆಳಿಗ್ಗೆ ಹಂಗೇ ಆಗಿದೆ. ಐದು ಐವತ್ತೆಂಟಕ್ಕೆ ವಾಲ್ವು ಮುಚ್ಚೋಕೆ ಶುರು. ಪಂಪು ನಿಂತಿದ್ದು ಆರು ಹದಿನಾಲ್ಕಕ್ಕೆ. ಹಾಳು ಮಾಡೋಕೆ ಬಂದವರು ಹದಿನಾರು ನಿಮಿಷ ಕಾದಿದಾರೆ. ಕಂಪ್ಯೂಟರ್ ತಾನೇ ಮುಚ್ಚಿದ್ರೆ ಎಷ್ಟು ಹೊತ್ತು?"

"ಮೂರು ನಿಮಿಷ. ಸರ್ರಂತ ಮುಚ್ಚುತ್ತೆ."

"ಇದು ನೋಡಿ. ನೂರಕ್ಕೆ ನೂರು ತೆರೆದಿದ್ದ ವಾಲ್ವು ನಲವತ್ತರವರೆಗೆ ಇಳಿದಿದೆ. ನಲವತ್ತರಲ್ಲಿ ಎರಡು ನಿಮಿಷ ಸುಮ್ಮನೆ ನಿಂತಿದೆ. ಮತ್ತೆ ಹೊರಟಿದೆ. ಯಂತ್ರ ಕೆಟ್ಟಿತ್ತಾ?"

ಫಿಟ್ಟರ್ ಪಟ್ಟಿ ನೋಡಿದ. ಮುಗುಳ್ನಗುತ್ತಾ ಬಾಯಿ ತೆರೆದ. "ಇದು ನಮ್ಮ ಚಕ್ರಣ್ಣನ..." ಎಂದವನು ಅಲ್ಲಿಗೇ ನಿಲ್ಲಿಸಿದ. ಮುಖದ ನಗು ಮಾಯವಾಯಿತು. ಡಬ್ಬಿಯ ಮುಚ್ಚಳವನ್ನು ಸುಮ್ಮನೆ ತಿರುಗಿಸತೊಡಗಿದ.

"ಚಕ್ರಣ್ಣ ಯಾರು?"

"ಗೊತ್ತಿಲ್ಲ, ಮೇಡಂ."

"ಈಗ ತಾನೇ ನಮ್ಮ ಚಕ್ರಣ್ಣ ಅಂದ್ರಿ."

ಗೀಟಣ್ಣ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. "ನೋಡಪ್ಪ, ಠಾಣೇಲಿ ಒಬ್ಬಾಕೆ ಕೂತಿದಾಳೆ. ಹಳಿ ಆಚೆ ಕಾಲೊನಿಗೆ ನೀರು ಬಿಡಿ ಅಂತ ಅರ್ಜಿ ಬರೆದ ವಕೀಲಮ್ಮ. ನಾಳೆ ಹನ್ನೊಂದೂವರೆಗೆ ಅವಳನ್ನ ಆರು ತಿಂಗಳು ಒಳಗೆ ಹಾಕ್ತಾರೆ. ಮಾಡದೆ ಇರೋ ಕೆಲಸಕ್ಕೆ."

"ವಕೀಲಮ್ಮನ್ನಾ?" ಫಿಟ್ಟರ್ ಮುಚ್ಚಳ ತಿರುಗಿಸುವುದನ್ನು ನಿಲ್ಲಿಸಿದ. ಆಮೇಲೆ, ಡಬ್ಬಿಯ ಜೊತೆ ಮಾತಾಡುವವನ ಹಾಗೆ, ಹೇಳಿದ.

ವಾಲ್ವುಗಳಿಗೆ ಮೋಟಾರು ಬರುವ ಮೊದಲು ಎಲ್ಲ ಕೈಚಕ್ರ. ಇಲ್ಲಿನ ಎಲ್ಲರಿಗೂ ಕೆಲಸ ಕಲಿಸಿದ್ದು ಒಬ್ಬರೇ ಮೇಸ್ತ್ರಿ, ಚಕ್ರಣ್ಣ. ಅವರದೊಂದು ಕಟ್ಟುನಿಟ್ಟು. ಮುಚ್ಚುವಾಗಲಿ ತೆರೆಯುವಾಗಲಿ ನಲವತ್ತಕ್ಕೆ ಬಂದ ಕೂಡಲೇ ಚಕ್ರದಿಂದ ಕೈ ತೆಗೆಯಬೇಕು. ಪೈಪಿಗೆ ಕಿವಿ ಇಟ್ಟು ಒಳಗಿನ ಸದ್ದು ಇಳಿಯುವವರೆಗೆ ಕಾಯಬೇಕು. ಎರಡು ನಿಮಿಷ. ಕಾಯದೆ ತಿರುಗಿಸಿದವನ ಕಿವಿ ಹಿಂಡುತ್ತಿದ್ದರು. ಮೋಟಾರು ಬಂದ ಮೇಲೆ ಅದರ ಅಗತ್ಯವೇ ಇಲ್ಲ; ಒಂಬತ್ತು ವರ್ಷದಿಂದ ಯಾರೂ ನಲವತ್ತಕ್ಕೆ ನಿಂತಿಲ್ಲ.

"ಅವರ ಕೈಲಿ ಕಲಿತವರು ಯಾರ್ ಯಾರಿದಾರೆ?"

"ನಾನು. ಬೆಳಿಗ್ಗೆ ಐದರಿಂದ ಇಲ್ಲೇ ಇದ್ದೆ, ನಾಲ್ಕು ಜನ ನೋಡಿದಾರೆ. ಇನ್ನಿಬ್ರು ತೀರ್ಕೊಂಡ್ರು."

"ಅಷ್ಟೇನಾ?"

ಫಿಟ್ಟರ್ ಕಣ್ಣು ತುಂಬಿಕೊಂಡ. "ಪುಟ್ಟಿ. ಚಕ್ರಣ್ಣನ ಮಗಳು. ಸ್ಕೂಲು ಬಿಟ್ಟ ಕೂಡ್ಲೇ ಇಲ್ಲಿಗೇ ಬರೋಳು. ಅಪ್ಪನ ಜೊತೆ ಚಕ್ರ ಹಿಡಿಯೋಳು. ಆಮೇಲೆ ಓದಿ, ಇಲ್ಲೇ ಕಂಟ್ರೋಲ್ ರೂಮಲ್ಲಿ ಕಂಟ್ರಾಕ್ಟ್ ಮೇಲೆ ಸೇರ್ಕೊಂಡ್ಲು. ಮೂರು ವಾರದ ಹಿಂದೆ ತೆಗೆದ್ಹಾಕಿದ್ರು. ಯಾಕೆ ಅಂತ ನೀವೇ ಎಂಜಿನಿಯರ್‌ನ ಕೇಳಿ."

ಊರಿನ ಕುತ್ತಿಗೆ ಹಿಸುಕಲು ಕೂತವಳಿಗೆ ಅಪ್ಪನ ಪೈಪು ನೋಯಿಸಲು ಮನಸ್ಸು ಬಂದಿರಲಿಲ್ಲ. ಗೀಟಣ್ಣ ಹೇಳಿಕೆ ಬರೆದುಕೊಂಡರು. ನಲವತ್ತು ಎಂಬ ಅಂಕಿಯ ಕೆಳಗೆ ಗೀಟು ಎಳೆಯಲು ಹೋಗಿ, ಏನನ್ನಿಸಿತೋ, ಪೆನ್ನು ಮುಚ್ಚಿದರು.

ಐದು ಗಂಟೆಗೆ ಜೀಪು ಹಳಿ ದಾಟಿತು. ಕಾಲೊನಿಯ ಬೀದಿಯಲ್ಲಿ ಮನೆ ಮನೆಯ ಮುಂದೆ ಕೊಡ, ಬಕೆಟ್ಟು, ಬಣ್ಣದ ಖಾಲಿ ಡಬ್ಬ, ಎಲ್ಲ ಸಾಲಾಗಿ ಟ್ಯಾಂಕರಿಗೆ ಕಾದಿದ್ದವು. ನಲ್ಲಿಗಳ ಬಾಯಿಗೆ ಜೇಡ ಬಲೆ ಕಟ್ಟಿತ್ತು. ಚಕ್ರಣ್ಣನ ಮನೆ ಎರಡು ಕೋಣೆಯದು. ಜಗುಲಿಯಲ್ಲಿ ಕೂತಿದ್ದ ಮುದುಕನ ಭುಜಗಳು ಇನ್ನೂ ಅಗಲವಾಗಿದ್ದವು. ಇನ್‌ಸ್ಪೆಕ್ಟರ್ ಬಾಯಿ ತೆರೆಯುವ ಮೊದಲೇ ಆತ ಎರಡೂ ಕೈ ಮುಂದೆ ಚಾಚಿದ.

"ನಾನೇ ಮಾಡಿದ್ದು. ನಡೀರಿ."

"ಹೇಗೆ ಮಾಡಿದ್ರಿ?"

"ಕಂಪ್ಯೂಟರಲ್ಲಿ."

"ಎಲ್ಲಿದೆ ಅದು?"

ಮುದುಕ ಸುತ್ತ ನೋಡಿದ. ಕೊನೆಗೆ ಗೋಡೆಯ ಮೇಲಿದ್ದ ಹಳೆಯ ರೇಡಿಯೋದತ್ತ ಆಸೆಯಿಂದ ನೋಡಿದ. ಜೊತೆಗೆ ಬಂದಿದ್ದ ಮಹಿಳಾ ಕಾನ್ಸ್‌ಟೇಬಲ್ ನಗು ತಡೆಯಲಾರದೆ ಬೀದಿಯ ಕಡೆ ತಿರುಗಿದಳು.

"ಅಪ್ಪಾ, ಸಾಕು ಸುಮ್ನಿರು," ಎಂದು ಒಳಗಿನಿಂದ ದನಿ ಬಂತು. ಮೂವತ್ತರ ಆಸುಪಾಸಿನ ಹೆಂಗಸು, ತೋಳು ಮಡಿಸಿದ ಅಂಗಿ, ಬಾಗಿಲಿಗೆ ಬಂದು ನಿಂತಳು. ಹೆದರಿಕೆ ಇರಲಿಲ್ಲ. "ಆ ಅಜ್ಜಿ ಹೇಗಿದಾರೆ?"

"ಯಾವ ಅಜ್ಜಿ?"

"ಆಸ್ಪತ್ರೇದು. ಫೋನ್ ನಿಲ್ಲಿಸೋ ಮೊದ್ಲು ಸುದ್ದೀಲಿ ನೋಡ್ದೆ. ಆಸ್ಪತ್ರೆ ಮೂರನೇ ಲೈನಲ್ಲಿದೆ ಅಂತ ಒಂದನೇ ಲೈನ್ ಮುಟ್ಟಿದ್ದು. ಗೋಡೆ ಮೇಲಿನ ನಕ್ಷೇಲಿ ಹಂಗೇ ಇದೆ."

"ನಕ್ಷೆ ಹಳೇದು. ಎರಡು ವಾರದ ಹಿಂದೆ ಪೈಪ್ ಕೆಟ್ಟಿತ್ತು ಅಂತ ಒಂದನೇ ಲೈನಿಗೆ ಸೇರಿಸಿದಾರೆ. ನಕ್ಷೆ ತಿದ್ದಿಲ್ಲ. ಅಜ್ಜಿ ಉಸಿರಾಡ್ತಿದಾರೆ, ಉಳೀತಾರೆ ಅಂತಾರೆ."

ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

"ಇನ್ನೊಂದು ವಿಷಯ. ವಕೀಲೆ ನಮ್ಮ ಠಾಣೇಲಿದಾರೆ. ಇದನ್ನ ಅವರೇ ಮಾಡಿಸಿದ್ದು ಅಂತ."

"ಏನಂದ್ರಿ?" ಅವಳ ಮುಖ ಕೆಂಪಾಯಿತು. "ಯಾವಾಗಿಂದ?"

"ಹನ್ನೊಂದೂವರೆಯಿಂದ."

"ಫೋನ್ ನಿಲ್ಸಿ ಕೂತ್ರೆ ನಮಗೆ ಹೇಗೆ ಗೊತ್ತಾಗ್ಬೇಕು? ಗೊತ್ತಾಗಿದ್ರೆ ಆಗಲೇ ಬರ್ತಿದ್ದೆ." ಅವಳು ಒಳಗೆ ಹೋಗಿ, ಬಟ್ಟೆಯ ಪೆಟ್ಟಿಗೆಯ ತಳದಿಂದ ಲ್ಯಾಪ್‌ಟಾಪು ತಂದು ಇನ್‌ಸ್ಪೆಕ್ಟರ್ ಮುಂದೆ ಇಟ್ಟಳು. "ತಗೊಳ್ಳಿ. ವಾಲ್ವು ಮುಚ್ಚಿದ್ದು ನಾನು, ಪಂಪು ನಿಲ್ಲಿಸಿದ್ದು ನಾನು, ಆ ಸಾಲು ಕರಪತ್ರ ನೋಡಿ ಬರೆದಿದ್ದೂ ನಾನು. ಅವರಿಗೆ ನನ್ನ ಮುಖಾನೂ ಗೊತ್ತಿಲ್ಲ."

"ನೀವು ನನ್ನ ಮುಂದೆ ಹೇಳಿದ್ದು ಕೋರ್ಟಲ್ಲಿ ನಿಲ್ಲಲ್ಲ. ಲ್ಯಾಪ್‌ಟಾಪ್ ನಿಲ್ಲುತ್ತೆ. ವಕೀಲರು ಬರೋವರೆಗೆ ಸುಮ್ಮನಿರೋ ಹಕ್ಕು ನಿಮಗಿದೆ."

"ನಲವತ್ತು ದಿನ ಸುಮ್ನಿದ್ದೆ, ಮೇಡಂ. ಮಾತಾಡ್ತೀನಿ." ಅವಳು ಮಾತಾಡಿದಳು. "ಏಳನೇ ವಾಲ್ವು, ಅಂದ್ರೆ ಈ ಕಾಲೊನೀದು, ಮುಚ್ಚು ಅಂತ ಎಂಜಿನಿಯರ್ ಫೋನ್ ಮಾಡಿದ್ರು. ಬರೆದು ಕೊಡಿ ಅಂದೆ. ಕಂಟ್ರಾಕ್ಟಿನೋಳಿಗೆ ಬರೆದು ಬೇರೆ ಕೊಡ್ಬೇಕಾ ಅಂದ್ರು. ಮುಚ್ಚಿದೆ. ನಮ್ಮನೆ ನಲ್ಲೀನ, ನಮ್ಮ ಬೀದಿ ನಲ್ಲೀನ ನಾನೇ ನಿಲ್ಲಿಸಿದೆ, ಈ ಕೈಯಿಂದ. ಸಂಜೆ ಮನೆಗೆ ಬಂದು ಎಲ್ಲರ ಜೊತೆ ಟ್ಯಾಂಕರ್ ಸಾಲಲ್ಲಿ ನಿಂತೆ. ಇವತ್ತು ಬಿಡ್ತಾರೆ, ನಾಳೆ ಬಿಡ್ತಾರೆ ಅಂತ ಹತ್ತೊಂಬತ್ತು ದಿನ. ಇಪ್ಪತ್ತನೇ ದಿನ ತೆರೀತೀನಿ ಅಂದೆ. ಅವತ್ತೇ ತೆಗೆದ್ಹಾಕಿದ್ರು."

ಬರೆದು ಕೊಡಿ ಎಂಬ ಅದೇ ಮಾತನ್ನು ಇನ್‌ಸ್ಪೆಕ್ಟರೂ ಆ ಮಧ್ಯಾಹ್ನ ಆಡಿದ್ದರು. ಅವರ ನೌಕರಿ ಕಾಯಂ. ಆ ಮಾತು ಆಡಿಯೂ ಅವರು ಸಂಜೆಯವರೆಗೆ ಕೆಲಸದಲ್ಲಿದ್ದರು.

"ಅಲ್ಲಿಗೆ ಬಿಟ್ಟು ಕಾನೂನಿನ ದಾರಿ ಹಿಡೀಬಹುದಿತ್ತು."

"ಹಿಡಿದ್ವಿ." ಅವಳು ಗೋಡೆಯ ಗೂಡಿನಿಂದ ಮಡಿಸಿದ ಒಂದು ಕಾಗದ ತೆಗೆದಳು. "ಮೂವತ್ಮೂರನೇ ದಿನ ಪಕ್ಕದ ಮನೆ ಮಗು ತೀರ್ಕೊಂಡ್ತು. ಐದು ತಿಂಗಳ ಕೂಸು. ಟ್ಯಾಂಕರ್ ನೀರು, ವಾಂತಿ, ಭೇದಿ. ಅದರಮ್ಮನ್ನ ಕರ್ಕೊಂಡು ದೂರು ಕೊಡೋಕೆ ಬಂದ್ವಿ. ಕುರ್ಚಿ ಕೊಡ್ಲಿಲ್ಲ. ಇದನ್ನ ಕೊಟ್ರು. ಈ ಸಹಿ ನಿಮ್ದೇ ಅಲ್ವಾ?"

ಹಿಂಬರಹ, ಸಂಖ್ಯೆ ನೂರ ಹದಿನೆಂಟು. ದೂರು ಪೊಲೀಸ್ ವ್ಯಾಪ್ತಿಗೆ ಬರುವುದಿಲ್ಲ, ಸಂಬಂಧಪಟ್ಟ ಇಲಾಖೆಯನ್ನು ಸಂಪರ್ಕಿಸುವುದು. ಕೆಳಗೆ ಇನ್‌ಸ್ಪೆಕ್ಟರ್ ಸಹಿ. ‘ಬರುವುದಿಲ್ಲ’ ಎಂಬುದರ ಕೆಳಗೆ ಸ್ಕೇಲಿಟ್ಟು ಎಳೆದ ಎರಡು ಕೆಂಪು ಗೀಟು.

ದಿನಕ್ಕೆ ಇಪ್ಪತ್ತು ಕಾಗದ ಮೇಜಿಗೆ ಬರುತ್ತವೆ. ಓದದೆ ಸಹಿ ಹಾಕುವುದು ಠಾಣೆಯ ರೂಢಿ. ಇನ್‌ಸ್ಪೆಕ್ಟರಿಗೆ ಆ ತಾಯಿಯ ಮುಖ ನೆನಪಿಗೆ ಬರಲಿಲ್ಲ. ನೆನಪಿಗೆ ಬರಲಿಲ್ಲ ಎಂಬುದೇ ಅವರನ್ನು ಅಲ್ಲಾಡಿಸಿತು. ಪಕ್ಕದಲ್ಲಿ ಗೀಟಣ್ಣ ಕಾಗದ ನೋಡಿ, ಟೋಪಿ ತೆಗೆದು, ಜಗುಲಿಯ ಮೇಲೆ ಮುದುಕನ ಪಕ್ಕ ಕೂತುಬಿಟ್ಟರು.

"ನಮ್ದೇ," ಎಂದರು ಇನ್‌ಸ್ಪೆಕ್ಟರ್. "ತಪ್ಪಾಯ್ತು. ಆದ್ರೂ ನೀವು ಮಾಡಿದ್ದು ಸರಿ ಅಂತ ನಾನು ಹೇಳಲ್ಲ. ಹನ್ನೊಂದು ಜನರ ಜೀವದ ಜೊತೆ ಆಡಿದ್ರಿ."

"ನಾನೂ ಸರಿ ಅಂತಿಲ್ಲ. ಶಿಕ್ಷೆ ಕೊಡಿ, ತಗೋತೀನಿ. ಭಯೋತ್ಪಾದಕಿ ಅಂತ ಕರೀಬೇಡಿ. ಕರೀಲೇಬೇಕು ಅಂದ್ರೆ ಸರದಿ ಪ್ರಕಾರ ಕರೀರಿ. ನನಗಿಂತ ಮುಂಚೆ ಸಾಲಲ್ಲಿ ನಿಂತವರಿದಾರೆ."

ಐದು ಐವತ್ತಕ್ಕೆ, ಸೂರ್ಯ ಮುಳುಗುವ ಮೊದಲು, ಬಂಧನ ಆಯಿತು. ಕಾರಣ ಬರೆದು ಕೊಟ್ಟರು. ಲ್ಯಾಪ್‌ಟಾಪು ವಶಪಡಿಸಿಕೊಂಡ ಪಂಚನಾಮೆಗೆ ನೆರೆಯವರಿಬ್ಬರು ಸಹಿ ಹಾಕಿದರು. ಅದರಲ್ಲಿ ಒಬ್ಬಾಕೆ ಆ ಕೂಸಿನ ತಾಯಿ. ಇನ್‌ಸ್ಪೆಕ್ಟರ್ ಆಕೆಯನ್ನು ನೋಡಿ, "ನಾಳೆ ಒಂಬತ್ತಕ್ಕೆ ಠಾಣೆಗೆ ಬನ್ನಿ. ಕುರ್ಚಿ ಇರುತ್ತೆ," ಎಂದರು.

ಮಂಗಳವಾರ ಒಂಬತ್ತೂ ಕಾಲಿಗೆ ಎರಡನೇ ಎಫ್‌ಐಆರ್ ದಾಖಲಾಯಿತು. ಫಿರ್ಯಾದಿ, ಕೂಸಿನ ತಾಯಿ. ಆರೋಪಿ, ಎಂಜಿನಿಯರ್, ‘ಮತ್ತು ಅವರಿಗೆ ಮೌಖಿಕ ಆದೇಶ ಕೊಟ್ಟವರು’. ಹತ್ತೂವರೆಗೆ ವಿಶೇಷ ದಳದ ಅಧಿಕಾರಿಯ ಫೋನು ಬಂತು. ಸಹಿ ಆಯಿತೇ ಎಂದು ಕೇಳಿದರು. ಇನ್‌ಸ್ಪೆಕ್ಟರ್ ಆಗಿದೆ ಎಂದರು, ಯಾವುದಕ್ಕೆ ಎಂದು ಹೇಳಲಿಲ್ಲ. ಸಹಿ ಆದದ್ದು ವಕೀಲೆಯ ವಿರುದ್ಧ ಯಾವ ಸಾಕ್ಷ್ಯವೂ ಇಲ್ಲ ಎಂಬ ವರದಿಗೆ. ಹನ್ನೊಂದೂ ಕಾಲಿಗೆ ಮ್ಯಾಜಿಸ್ಟ್ರೇಟರು ಅದನ್ನು ಓದಿ ಆಕೆಯನ್ನು ಬಿಡುಗಡೆ ಮಾಡಿದರು. ಆಕೆ ಕಟಕಟೆಯಿಂದ ಇಳಿದು, ಗುಂಡಿ ಕಿತ್ತ ಕೋಟನ್ನೇ ಸರಿಮಾಡಿಕೊಂಡು, ನೇರ ಮುಂದಿನ ಪ್ರಕರಣಕ್ಕೆ ಬಂದು ನಿಂತಳು.

"ಆರೋಪಿ ಪರವಾಗಿ ನಾನಿದೀನಿ, ಸ್ವಾಮಿ," ಎಂದಳು.

ಚಕ್ರಣ್ಣನ ಮಗಳನ್ನು ಸ್ಥಳ ತೋರಿಸಲು ಒಂದು ದಿನದ ಮಟ್ಟಿಗೆ ಪೊಲೀಸ್ ವಶಕ್ಕೆ ಕೊಟ್ಟರು. ಸಾಮಾನ್ಯ ಕಾನೂನಿನ ಕಲಮುಗಳೇ, ವಿಶೇಷದ್ದು ಒಂದೂ ಇಲ್ಲ.

ಮಧ್ಯಾಹ್ನ ಮೂರಕ್ಕೆ ಏಳನೇ ವಾಲ್ವಿನ ಗುಂಡಿಯ ಬಳಿ ಎಲ್ಲರೂ ಸೇರಿದ್ದರು. ಸಿಮೆಂಟಿನ ಗುಂಡಿ, ಒಳಗೆ ಮೋಟಾರು, ಮೋಟಾರಿನ ಪಕ್ಕದಲ್ಲಿ ತುಕ್ಕು ಹಿಡಿದ ಹಳೆಯ ಕೈಚಕ್ರ. ಎಂಜಿನಿಯರ್ ಎರಡೂ ಕೆನ್ನೆ ಕ್ಷೌರ ಮಾಡಿಕೊಂಡು ಬಂದಿದ್ದರು. ಇಡೀ ಕಾಲೊನಿ ಹಗ್ಗದ ಆಚೆ ನಿಂತಿತ್ತು.

"ಈ ವಾಲ್ವು ಕೆಟ್ಟಿದೆ, ರಿಪೇರಿ ಅಂತ ನೀವು ಬರೆದಿದೀರಿ," ಎಂದರು ಇನ್‌ಸ್ಪೆಕ್ಟರ್. "ಕೆಟ್ಟಿದೆಯೋ ಇಲ್ಲವೋ ಅಂತ ಪಂಚರ ಮುಂದೆ ಪರೀಕ್ಷೆ ಆಗ್ಬೇಕು. ಯಾರಿಗೆ ತೆರೆಯೋಕೆ ಬರುತ್ತೆ?"

ಚಕ್ರಣ್ಣನ ಮಗಳು ಗುಂಡಿಗೆ ಇಳಿದಳು. ಮಹಿಳಾ ಕಾನ್ಸ್‌ಟೇಬಲ್ ಜೊತೆಗಿಳಿದಳು. ಚಕ್ರ ಮೊದಲು ಮಿಸುಕಲಿಲ್ಲ, ಆಮೇಲೆ ಕಿರುಗುಟ್ಟುತ್ತಾ ತಿರುಗಿತು. ಅವಳು ಎಣಿಸುತ್ತಿದ್ದಳು. ನಲವತ್ತಕ್ಕೆ ಬಂದಾಗ ಕೈ ತೆಗೆದು, ಬಗ್ಗಿ ಪೈಪಿಗೆ ಕಿವಿ ಇಟ್ಟಳು. ಹಗ್ಗದ ಆಚೆ ಮುದುಕ, ಯಾರೂ ಕೇಳದಿದ್ದರೂ, "ಹ್ಞಾಂ, ಹಂಗೇ, ಕಾಯಿ," ಎಂದ. ಗೀಟಣ್ಣ ಗಡಿಯಾರ ನೋಡಿ ಬರೆದುಕೊಂಡರು: ಎರಡು ನಿಮಿಷ. ಮತ್ತೆ ಚಕ್ರ ತಿರುಗಿತು. ಬೀದಿಯ ಕೊನೆಯಿಂದ ಯಾರೋ ಕೂಗಿದರು. ಆಮೇಲೆ ಇನ್ನೊಬ್ಬರು. ನಲ್ಲಿಗಳು ಮೊದಲು ಗಾಳಿ ಉಗುಳಿ, ಕೆಂಪು ನೀರು ಉಗುಳಿ, ಆಮೇಲೆ ತಿಳಿಯಾಗಿ ಸುರಿಯತೊಡಗಿದವು. ಕೊಡಗಳಿಗಾಗಿ ಜನ ಓಡಿದರು.

ಕೂಸಿನ ತಾಯಿ ಮಾತ್ರ ಓಡಲಿಲ್ಲ. ಹಗ್ಗ ಹಿಡಿದು ಅಲ್ಲೇ ನಿಂತಿದ್ದಳು.

"ಪರೀಕ್ಷೆ ಮುಗೀತಲ್ಲ, ಮೇಡಂ," ಎಂದು ಎಂಜಿನಿಯರ್ ದನಿ ತಗ್ಗಿಸಿದರು. "ಇನ್ನು ಮುಚ್ಚಿಸಿ."

"ಯಾರ ಆದೇಶ?"

"ಮೇಲಿನವರದು."

"ಬರೆದು ಕೊಡಿ."

ಇನ್‌ಸ್ಪೆಕ್ಟರ್ ಗೀಟಣ್ಣನ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಬರೆಸಿದರು. "ವಾಲ್ವು ಸುಸ್ಥಿತಿಯಲ್ಲಿ ಇರುವುದು ಕಂಡುಬಂತು. ಇದು ಎರಡನೇ ಪ್ರಕರಣದ ಮುಖ್ಯ ಸಾಕ್ಷ್ಯವಾದ್ದರಿಂದ, ಈಗ ಇರುವ ಸ್ಥಿತಿಯಲ್ಲಿಯೇ, ಅಂದರೆ ಪೂರ್ತಿ ತೆರೆದ ಸ್ಥಿತಿಯಲ್ಲಿಯೇ, ಅರಗು ಹಾಕಿ ಸೀಲ್ ಮಾಡಲಾಯಿತು. ನ್ಯಾಯಾಲಯದ ಲಿಖಿತ ಆದೇಶವಿಲ್ಲದೆ ಮುಟ್ಟಿದವರ ಮೇಲೆ ಸಾಕ್ಷ್ಯನಾಶದ ಪ್ರಕರಣ ದಾಖಲಿಸಲಾಗುವುದು."

ವಕೀಲೆ ನಗುತ್ತಾ ಪ್ರತಿ ಕೇಳಿದಳು. ಗೀಟಣ್ಣ ಚಕ್ರಕ್ಕೆ ದಾರ ಸುತ್ತಿ, ಅರಗು ಕರಗಿಸಿ, ಠಾಣೆಯ ಮೊಹರು ಒತ್ತಿದರು. ಅಷ್ಟು ಅಚ್ಚುಕಟ್ಟಾದ ಸೀಲನ್ನು ಅವರು ತಮ್ಮ ಸೇವೆಯಲ್ಲೇ ಹಾಕಿರಲಿಲ್ಲ. ಪುಟ್ಟಿ ಗುಂಡಿಯಿಂದ ಮೇಲೆ ಬಂದು, ಅಪ್ಪನ ಕಡೆ ಒಮ್ಮೆ ನೋಡಿ, ತಾನಾಗಿಯೇ ಜೀಪು ಹತ್ತಿದಳು.

ಸಂಜೆ ಐದಕ್ಕೆ ವರ್ಗಾವಣೆಯ ಆದೇಶ ಠಾಣೆಗೆ ಬಂತು. ಅದನ್ನು ಮಾತ್ರ ಬರೆದೇ ಕಳಿಸಿದ್ದರು. ನಾಳೆ ಬೆಳಿಗ್ಗೆ ಹೊಸಬರು ಬರುತ್ತಾರೆ. ಇನ್‌ಸ್ಪೆಕ್ಟರ್ ಅದನ್ನು ಓದಿ ಪಕ್ಕಕ್ಕಿಟ್ಟು, ಮೊದಲನೇ ಪ್ರಕರಣದ ಡೈರಿ ತರಿಸಿಕೊಂಡರು. ತುಂಬಲು ಒಂದೇ ಅಂಕಣ ಉಳಿದಿತ್ತು.

"ಉದ್ದೇಶ ಏನು ಅಂತ ಬರೀಲಿ, ಮೇಡಂ?" ಎಂದರು ಗೀಟಣ್ಣ. "ಸೇಡು ಅಂತ ಹಾಕ್ಲಾ?"

ಇನ್‌ಸ್ಪೆಕ್ಟರ್ ಪೆನ್ನು ತಾವೇ ತೆಗೆದುಕೊಂಡರು. ‘ಉದ್ದೇಶ: ಈ ಠಾಣೆಯ ಹಿಂಬರಹ ಸಂಖ್ಯೆ ನೂರ ಹದಿನೆಂಟು. ಪ್ರತಿ ಲಗತ್ತಿಸಿದೆ’ ಎಂದು ಬರೆದು, ಕೆಳಗೆ ಸಹಿ ಹಾಕಿ, ಡೈರಿಯನ್ನು ಮುಂದಕ್ಕೆ ತಳ್ಳಿದರು. ಗೀಟಣ್ಣ ಎರಡು ಸಲ ಓದಿಕೊಂಡರು. ಆಮೇಲೆ ಸ್ಕೇಲು ಇಟ್ಟು, ಕೆಂಪು ಪೆನ್ನು ತೆಗೆದು, ಆ ಸಾಲಿನ ಕೆಳಗೆ ಎರಡು ಗೀಟು ಎಳೆದರು.